ಪ್ರಾರ್ಥನೆಯಲ್ಲಿ ವಾದ್ಯ ನುಡಿಸುವುದು ಸರಿಯಾ, ತಪ್ಪಾ? ಬರ್ಲಿನ್ ಸಿನಗಾಗ್‌ಗೆ ಆರ್ಗನ್ ತಂದ ಲೂಯಿ ಲೆವಾಂಡೋವ್ಸ್ಕಿ ಬದುಕಿನ ಕಥೆ

ದೆಹಲಿಯ ಕರೋಲ್ ಬಾಗ್‌ನಲ್ಲಿ ದೇವರ ಪ್ರಾರ್ಥನೆ ಎಂದರೆ ಅಲ್ಲಿ ವಾದ್ಯದ ಸದ್ದು ಇದ್ದೇ ಇರುತ್ತದೆ. ಬೆಳಗಿನ ಹೊತ್ತು ಗುರುದ್ವಾರಗಳಿಂದ ಹಾರ್ಮೋನಿಯಂ, ತಬಲಾದ ಜೊತೆ ಕೀರ್ತನೆ ಕೇಳುತ್ತದೆ. ಮಂಗಳವಾರ ಬಂತೆಂದರೆ ಮೆಟ್ರೋ ಹಳಿಯ ಪಕ್ಕದಲ್ಲಿರುವ 108 ಅಡಿ ಎತ್ತರದ ಹನುಮಾನ್ ಮೂರ್ತಿಯ ಮುಂದೆ ಆರತಿಯ ಗಂಟೆ ಮೊಳಗುತ್ತದೆ. ಕರ್ನಾಟಕದಿಂದ ಹೋದವರಿಗೂ ಇದು ಹೊಸದಲ್ಲ. ನಮ್ಮೂರಿನ ಭಜನಾ ಮಂಡಳಿಗಳಲ್ಲಿ ತಾಳ, ತಂಬೂರಿ, ಹಾರ್ಮೋನಿಯಂ ಇಲ್ಲದೆ ಶನಿವಾರದ ಭಜನೆ ಶುರುವಾಗುವುದೇ ಇಲ್ಲ.

ಆದರೆ ಇದೇ ದೆಹಲಿಯಲ್ಲಿ ಇನ್ನೊಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಕರೋಲ್ ಬಾಗ್‌ನಿಂದ ಕೆಲವೇ ಕಿಲೋಮೀಟರ್ ದೂರದ ಹುಮಾಯೂನ್ ರಸ್ತೆಯಲ್ಲಿ, ಖಾನ್ ಮಾರ್ಕೆಟ್ ಸಮೀಪ 1956ರಲ್ಲಿ ಕಟ್ಟಿದ ಜುಡಾ ಹಯಾಮ್ ಸಿನಗಾಗ್ ಅದು. ಯಹೂದಿಗಳ ಈ ಪ್ರಾರ್ಥನಾ ಮಂದಿರಗಳ ಲೋಕದಲ್ಲಿ ವಾದ್ಯ ಅಷ್ಟು ಸರಳ ವಿಷಯವಲ್ಲ. ಸಾಮೂಹಿಕ ಪ್ರಾರ್ಥನೆಯ ನಡುವೆ ವಾದ್ಯ ನುಡಿಸಬಹುದೇ ಎಂಬ ಒಂದೇ ಪ್ರಶ್ನೆ 19ನೇ ಶತಮಾನದಲ್ಲಿ ಯುರೋಪಿನ ಯಹೂದಿ ಸಮುದಾಯಗಳನ್ನು ಎರಡು ಹೋಳು ಮಾಡಿತ್ತು.

ಆ ಜಗಳದ ನಟ್ಟನಡುವೆ ಬದುಕಿದ ಸಂಗೀತಗಾರನ ಹೆಸರು ಲೂಯಿ ಲೆವಾಂಡೋವ್ಸ್ಕಿ. ಸಿನಗಾಗ್‌ಗೆ ಆರ್ಗನ್ ಬೇಕು ಎಂದು ವಾದಿಸಿದ ವ್ಯಕ್ತಿ ಇವರು. ವಿಚಿತ್ರವೆಂದರೆ ಆರ್ಗನ್ ಬೇಡವೇ ಬೇಡ ಎನ್ನುವವರ ಮಂದಿರಗಳಲ್ಲೂ ಇವತ್ತು ಇವರ ರಾಗಗಳೇ ಕೇಳಿಬರುತ್ತವೆ.

ವಾದ್ಯ ಯಾಕೆ ಬೇಡ?

ಯಹೂದಿಗಳಿಗೆ ಮೊದಲಿನಿಂದಲೂ ವಾದ್ಯ ನಿಷಿದ್ಧವಾಗಿತ್ತು ಎಂದುಕೊಂಡರೆ ತಪ್ಪಾದೀತು. ಜೆರುಸಲೇಮಿನ ಪ್ರಾಚೀನ ದೇವಾಲಯದಲ್ಲಿ ಲೇವಿ ಕುಲದವರು ಹಾಡುತ್ತಿದ್ದರು, ತಂತಿವಾದ್ಯ ನುಡಿಸುತ್ತಿದ್ದರು, ತಾಳ ಬಡಿಯುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ನಾಶ ಮಾಡಿದರು. ಅಲ್ಲಿಂದ ಮುಂದೆ ಸಿನಗಾಗ್‌ಗಳಲ್ಲಿ ಉಳಿದಿದ್ದು ಮನುಷ್ಯನ ದನಿ ಮಾತ್ರ. ಹೊಸ ವರ್ಷದ ಹಬ್ಬದಲ್ಲಿ ಊದುವ ಟಗರಿನ ಕೊಂಬು ಶೋಫಾರ್ ಒಂದು ಉಳಿದುಕೊಂಡಿತು.

ವಾದ್ಯ ಬೇಡ ಎನ್ನುವುದಕ್ಕೆ ಧರ್ಮಪಂಡಿತರು ಮುಖ್ಯವಾಗಿ ಮೂರು ಕಾರಣ ಕೊಡುತ್ತಿದ್ದರು. ಮೊದಲನೆಯದು ಶೋಕ. ದೇವಾಲಯವನ್ನು ಕಳೆದುಕೊಂಡ ಜನ ಪ್ರಾರ್ಥನೆಯಲ್ಲಿ ವಾದ್ಯದ ಸಂಭ್ರಮ ಮಾಡಬಾರದು. ಎರಡನೆಯದು ಸಬ್ಬತ್ ನಿಯಮ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಕೆಲಸ ಮಾಡುವಂತಿಲ್ಲ. ವಾದ್ಯ ನುಡಿಸುತ್ತಾ ತಂತಿ ಕಿತ್ತುಹೋದರೆ ಅದನ್ನು ಸರಿಪಡಿಸಲು ಕೈ ಹೋಗಬಹುದು, ಅದೇ ಕೆಲಸವಾಗುತ್ತದೆ. ಹಾಗಾಗಿ ಮುನ್ನೆಚ್ಚರಿಕೆಯಾಗಿ ನುಡಿಸುವುದೇ ಬೇಡ. ಮೂರನೆಯದು ಅನುಕರಣೆಯ ಭಯ. ಆರ್ಗನ್ ಎಂದರೆ ಯುರೋಪಿನಲ್ಲಿ ಚರ್ಚಿನ ವಾದ್ಯ. ಅದನ್ನು ತಂದರೆ ಸಿನಗಾಗ್ ಕೂಡ ಚರ್ಚಿನಂತಾಗುತ್ತದೆ ಎಂಬ ಆತಂಕ.

ಬೇಕು ಎನ್ನುವವರ ಬಳಿಯೂ ಉತ್ತರಗಳಿದ್ದವು. ಪ್ರಾಗ್ ನಗರದ ಸಿನಗಾಗ್ ಒಂದರಲ್ಲಿ ಹಿಂದೆ ಶುಕ್ರವಾರ ಸಂಜೆ, ಸಬ್ಬತ್ ಶುರುವಾಗುವ ಮುನ್ನ ಆರ್ಗನ್ ನುಡಿಸುತ್ತಿದ್ದರು ಎಂದು ಅವರು ತೋರಿಸುತ್ತಿದ್ದರು. ಸಬ್ಬತ್ ದಿನ ಯಹೂದಿ ನುಡಿಸಬಾರದು ಎಂದಾದರೆ ಬೇರೆ ಧರ್ಮದವರಿಂದ ನುಡಿಸಿದರಾಯಿತು ಎನ್ನುತ್ತಿದ್ದರು. ಜರ್ಮನಿಯ ಹಲವೆಡೆ ಹಾಗೆಯೇ ನಡೆಯಿತು ಕೂಡ. ಎಲ್ಲಕ್ಕಿಂತ ಮುಖ್ಯವಾಗಿ ಹೊಸ ತಲೆಮಾರು ಸಿನಗಾಗ್‌ನಿಂದ ದೂರವಾಗುತ್ತಿದೆ, ಅವರನ್ನು ಉಳಿಸಿಕೊಳ್ಳಲು ಸಂಗೀತ ಬೇಕು ಎಂಬುದು ಅವರ ಕಳಕಳಿಯಾಗಿತ್ತು.

1810ರಲ್ಲಿ ಇಸ್ರೇಲ್ ಜಾಕೋಬ್ಸನ್ ಎಂಬ ಶ್ರೀಮಂತ ಸುಧಾರಕರು ಜರ್ಮನಿಯ ಜೇಸನ್ ಪಟ್ಟಣದಲ್ಲಿ ಆರ್ಗನ್ ಇರುವ ಮಂದಿರ ತೆರೆದರು. 1818ರಲ್ಲಿ ಹ್ಯಾಂಬರ್ಗ್‌ನಲ್ಲಿ ಇನ್ನೊಂದು ಮಂದಿರ ಶುರುವಾಯಿತು. ಅದರ ಮರುವರ್ಷವೇ ಯುರೋಪಿನ ಹಲವು ರಬ್ಬಿಗಳು ಸೇರಿ ಖಂಡನೆಯ ಪುಸ್ತಕವನ್ನೇ ಹೊರತಂದರು. ಬರ್ಲಿನ್‌ನಲ್ಲಿ ಖಾಸಗಿ ಮನೆಗಳಲ್ಲಿ ಆರ್ಗನ್ ಜೊತೆ ಪ್ರಾರ್ಥನೆ ನಡೆಯುತ್ತಿತ್ತು. 1823ರಲ್ಲಿ ಪ್ರಷ್ಯಾದ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್, ಯಹೂದಿ ಪ್ರಾರ್ಥನೆಯಲ್ಲಿ ಯಾವ ಹೊಸತನವೂ ಕೂಡದು ಎಂದು ಆದೇಶಿಸಿದರು. ಬರ್ಲಿನ್‌ನಲ್ಲಿ ಆರ್ಗನ್ ಮೌನವಾಯಿತು.

ಆಗ ಲೆವಾಂಡೋವ್ಸ್ಕಿಗೆ ಎರಡು ವರ್ಷ.

ತಾಯಿ ಇಲ್ಲದ ಹುಡುಗ ಬರ್ಲಿನ್‌ಗೆ

ಲೂಯಿ ಲೆವಾಂಡೋವ್ಸ್ಕಿ ಹುಟ್ಟಿದ್ದು 1821ರ ಏಪ್ರಿಲ್ 3ರಂದು, ಪ್ರಷ್ಯಾದ ಪೋಸೆನ್ ಪ್ರಾಂತ್ಯದ ವ್ರೆಶೆನ್ ಪಟ್ಟಣದಲ್ಲಿ. ಇವತ್ತು ಅದು ಪೋಲೆಂಡ್‌ಗೆ ಸೇರಿದೆ. ಮನೆಯಲ್ಲಿ ಹಣ ಇರಲಿಲ್ಲ, ಹಾಡು ಇತ್ತು. ತಂದೆ ಸಿನಗಾಗ್‌ನಲ್ಲಿ ಹಾಡುತ್ತಿದ್ದರು. ಮಕ್ಕಳೂ ಜೊತೆಗೆ ದನಿಗೂಡಿಸುತ್ತಿದ್ದರು. ಸ್ವರಲಿಪಿ ನೋಡಿ ಕಲಿತ ಸಂಗೀತ ಅದಲ್ಲ. ಕೇಳಿ ಕೇಳಿ ಬಾಯಿಗೆ ಬಂದ ಸಂಗೀತ.

ತಾಯಿ ತೀರಿಕೊಂಡ ಬಳಿಕ ಹನ್ನೆರಡರ ಹರೆಯದಲ್ಲಿ ಹುಡುಗ ಬರ್ಲಿನ್ ಸೇರಿದ. 1714ರಿಂದ ನಡೆದುಕೊಂಡು ಬಂದಿದ್ದ ಹೈಡೆರಾಯ್ಟರ್‌ಗಾಸೆ ಬೀದಿಯ ಹಳೆ ಸಿನಗಾಗ್‌ನಲ್ಲಿ ಆಶರ್ ಲಿಯಾನ್ ಎಂಬ ಕ್ಯಾಂಟರ್ ಇದ್ದರು. ಕ್ಯಾಂಟರ್ ಎಂದರೆ ಪ್ರಾರ್ಥನೆಯನ್ನು ಹಾಡುತ್ತಾ ಮುನ್ನಡೆಸುವ ಮುಖ್ಯ ಗಾಯಕ. ಅವರ ಪಕ್ಕದಲ್ಲಿ ನಿಂತು ದನಿ ಸೇರಿಸುವ ಬಾಲಕನ ಕೆಲಸ ಲೂಯಿಗೆ ಸಿಕ್ಕಿತು.

ಹುಡುಗನ ಪ್ರತಿಭೆ ಅಲೆಕ್ಸಾಂಡರ್ ಮೆಂಡೆಲ್ಸನ್ ಅವರ ಕಣ್ಣಿಗೆ ಬಿತ್ತು. ಪ್ರಸಿದ್ಧ ಸಂಗೀತ ಸಂಯೋಜಕ ಫೆಲಿಕ್ಸ್ ಮೆಂಡೆಲ್ಸನ್ ಅವರ ಸೋದರ ಸಂಬಂಧಿ ಇವರು. ಅವರ ನೆರವಿನಿಂದ ಲೆವಾಂಡೋವ್ಸ್ಕಿಗೆ ಬರ್ಲಿನ್ ಕಲಾ ಅಕಾಡೆಮಿಯ ಬಾಗಿಲು ತೆರೆಯಿತು. ಅಲ್ಲಿ ಪ್ರವೇಶ ಪಡೆದ ಮೊದಲ ಯಹೂದಿ ಎಂದೇ ಅವರನ್ನು ಗುರುತಿಸಲಾಗುತ್ತದೆ. ಎಲ್ಲ ಸರಿಹೋಯಿತು ಎನ್ನುವಾಗ ನರಸಂಬಂಧಿ ಕಾಯಿಲೆ ಕಾಡಿತು. ಓದು ಅರ್ಧಕ್ಕೆ ನಿಂತಿತು. ಸಂಗೀತ ಕಛೇರಿಗಳ ದೊಡ್ಡ ಲೋಕಕ್ಕೆ ಹೋಗುವ ಕನಸು ಕೈತಪ್ಪಿತು. ಚೇತರಿಸಿಕೊಂಡ ಮೇಲೆ ಅವರು ಮರಳಿದ್ದು ಬಾಲ್ಯದ ಅದೇ ಸಿನಗಾಗ್‌ಗೆ.

ಇಲ್ಲದ ಹುದ್ದೆಗೆ ಬಂದ ಮೊದಲಿಗ

1838ರಲ್ಲಿ ಹಿರ್ಷ್ ವೈನ್‌ಟ್ರೌಬ್ ಎಂಬ ಕ್ಯಾಂಟರ್ ತಮ್ಮ ಗಾಯಕರ ತಂಡದೊಂದಿಗೆ ಬರ್ಲಿನ್‌ಗೆ ಬಂದಿದ್ದರು. ಅಲ್ಲಿಯವರೆಗೆ ಬರ್ಲಿನ್ ಯಹೂದಿಗಳು ಕೇಳಿದ್ದು ಒಬ್ಬ ಕ್ಯಾಂಟರ್, ಜೊತೆಗೆ ಒಂದಿಬ್ಬರು ಸಹಗಾಯಕರ ಹಾಡನ್ನು. ಈ ತಂಡ ಬೇರೆ ಬೇರೆ ಸ್ತರದ ದನಿಗಳನ್ನು ಹೊಂದಿಸಿ ಹಾಡಿದಾಗ ಜನ ಬೆರಗಾದರು. ಅತ್ತ ವಿಯೆನ್ನಾದಲ್ಲಿ ಸಾಲೊಮನ್ ಸುಲ್ಜರ್ ಎಂಬುವರು ಸಿನಗಾಗ್ ಹಾಡುಗಳನ್ನು ನಾಲ್ಕು ದನಿಗಳ ವೃಂದಗಾನಕ್ಕೆ ಅಳವಡಿಸಿ ಹೆಸರು ಮಾಡಿದ್ದರು. ನಮಗೂ ಅಂಥ ಗಾಯನ ವೃಂದ ಬೇಕು ಎಂದು ಬರ್ಲಿನ್ ಸಮುದಾಯಕ್ಕೆ ಅನ್ನಿಸಿತು.

1840ರಲ್ಲಿ 19 ವರ್ಷದ ಲೆವಾಂಡೋವ್ಸ್ಕಿ ಆ ವೃಂದದ ನಿರ್ದೇಶಕರಾದರು. ಬರ್ಲಿನ್ ಸಿನಗಾಗ್‌ನಲ್ಲಿ ಅಂಥ ಹುದ್ದೆಯೇ ಅದುವರೆಗೆ ಇರಲಿಲ್ಲ. ಆರಂಭದಲ್ಲಿ ಹೆಚ್ಚಾಗಿ ಸುಲ್ಜರ್ ಅವರ ಕೃತಿಗಳನ್ನೇ ಹಾಡಿಸಬೇಕಿತ್ತು.

1845ರಲ್ಲಿ ಅಬ್ರಹಾಂ ಲಿಖ್ಟನ್‌ಸ್ಟೈನ್ ಹೊಸ ಕ್ಯಾಂಟರ್ ಆಗಿ ಬಂದರು. ಅವರಿಗೆ ಹಳೆಯ ಸಾಂಪ್ರದಾಯಿಕ ಧಾಟಿಗಳು ಕಂಠಸ್ಥವಾಗಿದ್ದವು. ಅವರು ಹಾಡುತ್ತಿದ್ದರು, ಲೆವಾಂಡೋವ್ಸ್ಕಿ ಕೇಳಿ ಬರೆದುಕೊಳ್ಳುತ್ತಿದ್ದರು. ಕಾಗದಕ್ಕೆ ಇಳಿಯದೆ ಇದ್ದರೆ ಆ ಹಾಡುಗಾರರ ಜೊತೆಗೇ ಮಣ್ಣಾಗುತ್ತಿದ್ದ ಧಾಟಿಗಳು ಹೀಗೆ ಉಳಿದವು. ಮುಂದೆ ಲೆವಾಂಡೋವ್ಸ್ಕಿ ಮಾಡಿದ ಎಲ್ಲ ಹೊಸ ಕೆಲಸಕ್ಕೂ ಈ ಹಳೆಯ ಧಾಟಿಗಳೇ ಬುನಾದಿ.

3,200 ಆಸನಗಳ ಮಂದಿರ, ಒಂದು ಕಠಿಣ ಪ್ರಶ್ನೆ

ಬರ್ಲಿನ್‌ನಲ್ಲಿ ಯಹೂದಿಗಳ ಸಂಖ್ಯೆ ಬೆಳೆಯುತ್ತಾ ಹೋಯಿತು. ಹಳೆ ಸಿನಗಾಗ್‌ನಲ್ಲಿ ಜಾಗ ಸಾಲದಾಯಿತು. ಓರಾನಿಯೆನ್‌ಬರ್ಗರ್ ಬೀದಿಯಲ್ಲಿ ಚಿನ್ನದ ಬಣ್ಣದ ಗುಮ್ಮಟದ ಹೊಸ ಸಿನಗಾಗ್ ಕಟ್ಟುವ ಕೆಲಸ ಶುರುವಾಯಿತು. ಸುಮಾರು 3,200 ಮಂದಿ ಕೂರಬಹುದಾದ ಭವ್ಯ ಕಟ್ಟಡ ಅದು.

ಕಟ್ಟಡ ಏಳುತ್ತಿದ್ದಾಗಲೇ ಹಳೆಯ ಪ್ರಶ್ನೆ ಮತ್ತೆ ಎದ್ದು ನಿಂತಿತು. ಇಲ್ಲಿ ಆರ್ಗನ್ ಇರಬೇಕೇ?

ಸಮುದಾಯದ ಮುಖಂಡರು ಪರಿಣತರ ಅಭಿಪ್ರಾಯ ಕೇಳಿದರು. ಸುಧಾರಣಾವಾದಿ ರಬ್ಬಿ ಅಬ್ರಹಾಂ ಗೈಗರ್ ಆರ್ಗನ್ ಪರ ನಿಂತರು. ಬರ್ಲಿನ್‌ನ ಗೌರವಾನ್ವಿತ ರಬ್ಬಿ ಮೈಕೆಲ್ ಸಾಕ್ಸ್ ಕಡುವಿರೋಧ ವ್ಯಕ್ತಪಡಿಸಿದರು. ಸಾಕ್ಸ್ ಕುರುಡು ಸಂಪ್ರದಾಯವಾದಿಯೇನೂ ಆಗಿರಲಿಲ್ಲ. ಒಳ್ಳೆಯ ವಿದ್ವಾಂಸರು, ಅದ್ಭುತ ಪ್ರವಚನಕಾರರು. ಆದರೆ ಆರ್ಗನ್ ವಿಷಯದಲ್ಲಿ ಅವರು ಒಂದಿಷ್ಟೂ ಸಡಿಲಿಸಲಿಲ್ಲ.

ಲೆವಾಂಡೋವ್ಸ್ಕಿ ಅವರ ಅಭಿಪ್ರಾಯವನ್ನೂ ಕೇಳಲಾಯಿತು. ಅವರ ವಾದ ಸಂಗೀತಗಾರನ ವಾದವಾಗಿತ್ತು. ಇಷ್ಟು ವಿಶಾಲವಾದ ಸ್ಥಳದಲ್ಲಿ ಸಾವಿರಾರು ಜನ ಒಟ್ಟಿಗೆ ಹಾಡುವಾಗ ಶ್ರುತಿ ಮತ್ತು ಲಯ ತಪ್ಪದಂತೆ ಹಿಡಿದಿಡುವ ಆಸರೆ ಬೇಕು, ಆ ಶಕ್ತಿ ಆರ್ಗನ್‌ಗೆ ಇದೆ ಎಂಬುದು ಅದರ ಸಾರ. ಹಳೆಯ ಧಾಟಿಯ ಹಾಡಿನ ಜೊತೆ ಆರ್ಗನ್ ಸೇರಿದರೆ ಪರಿಣಾಮ ಇನ್ನೂ ಹೆಚ್ಚುತ್ತದೆ ಎಂದೂ ಅವರು ನಂಬಿದ್ದರು. ಅಂದರೆ ಹಳೆಯದನ್ನು ಕಿತ್ತುಹಾಕಿ ಆ ಜಾಗದಲ್ಲಿ ಆರ್ಗನ್ ಇಡುವ ಯೋಚನೆ ಅವರದ್ದಾಗಿರಲಿಲ್ಲ.

ಸಾಕ್ಸ್ 1864ರಲ್ಲಿ ನಿಧನರಾದರು. 1866ರ ಸೆಪ್ಟೆಂಬರ್ 5ರಂದು ಹೊಸ ಸಿನಗಾಗ್ ಆರ್ಗನ್ ಸಹಿತ ಉದ್ಘಾಟನೆಯಾಯಿತು. ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಕೂಡ ಸಮಾರಂಭದಲ್ಲಿ ಹಾಜರಿದ್ದರು. ಅಲ್ಲಿನ ಸಂಗೀತದ ಹೊಣೆ ಲೆವಾಂಡೋವ್ಸ್ಕಿ ಹೆಗಲಿಗೆ ಬಂತು. ನಾಲ್ಕು ದಶಕಗಳ ಹಿಂದೆ ರಾಜಾಜ್ಞೆಯಿಂದ ಆರ್ಗನ್ ನಿಂತುಹೋಗಿದ್ದ ಅದೇ ನಗರದಲ್ಲಿ, ಯಹೂದಿ ಸಂಯೋಜಕರಿಗೆ ಪ್ರಷ್ಯಾ ಸರ್ಕಾರ ರಾಜ ಸಂಗೀತ ನಿರ್ದೇಶಕ ಎಂಬ ಬಿರುದನ್ನೂ ಕೊಟ್ಟಿತು.

ಎಲ್ಲರೂ ಖುಷಿಯಾದರು ಎಂದಲ್ಲ. ಹೈಡೆರಾಯ್ಟರ್‌ಗಾಸೆಯ ಹಳೆ ಸಿನಗಾಗ್ ಆರ್ಗನ್ ಇಲ್ಲದೆಯೇ ಮುಂದುವರಿಯಿತು. ಇಂಥ ಬದಲಾವಣೆಗಳನ್ನು ಒಪ್ಪದ ಕಟ್ಟುನಿಟ್ಟಿನ ಗುಂಪು ಅದಾಸ್ ಯಿಸ್ರೊಯೆಲ್ ಎಂಬ ಪ್ರತ್ಯೇಕ ಸಮುದಾಯ ಕಟ್ಟಿಕೊಂಡಿತು. 1869ರಲ್ಲಿ ರಬ್ಬಿ ಎಸ್ರಿಯೆಲ್ ಹಿಲ್ಡೆಸ್‌ಹೈಮರ್ ಬರ್ಲಿನ್‌ಗೆ ಬಂದು ಅದರ ನೇತೃತ್ವ ವಹಿಸಿದರು. ಒಂದೇ ಊರು, ಒಂದೇ ಧರ್ಮಗ್ರಂಥ, ಒಂದೇ ಪ್ರಾರ್ಥನೆ. ಆದರೂ ಒಟ್ಟಿಗೆ ಕೂತು ಪ್ರಾರ್ಥಿಸಲು ಆಗದ ಸ್ಥಿತಿ.

ಎರಡು ಪುಸ್ತಕ, ಎರಡು ಬಗೆಯ ಜನ

ಲೆವಾಂಡೋವ್ಸ್ಕಿ ಅವರ ದೊಡ್ಡತನ ಕಾಣುವುದು ಇದಾದ ನಂತರದ ಕೆಲಸದಲ್ಲಿ. 1871ರಲ್ಲಿ ಅವರು ಕೋಲ್ ರಿನ್ನಾ ಉತ್ಫಿಲ್ಲಾ ಎಂಬ ಸಂಗ್ರಹ ಹೊರತಂದರು. ಇದು ದೊಡ್ಡ ಮಂದಿರಗಳಿಗಾಗಿ ಮಾಡಿದ್ದಲ್ಲ. ಒಂದು ಅಥವಾ ಎರಡು ದನಿಗಳಿಗೆ ಹೊಂದಿಸಿದ ಸರಳ ಹಾಡುಗಳು ಇದರಲ್ಲಿದ್ದವು. ಆರ್ಗನ್ ಕೊಳ್ಳಲು, ದೊಡ್ಡ ಗಾಯನ ವೃಂದ ಸಾಕಲು ಹಣವಿಲ್ಲದ ಸಣ್ಣ ಊರಿನ ಸಿನಗಾಗ್‌ಗಳೂ ಇದನ್ನು ಬಳಸಬಹುದಿತ್ತು.

1876ರಿಂದ 1882ರ ನಡುವೆ ತೋದಾ ವೆಸಿಮ್ರಾ ಎಂಬ ಎರಡನೇ ಸಂಗ್ರಹ ಬಂತು. ನಾಲ್ಕು ದನಿಗಳ ವೃಂದ, ಕ್ಯಾಂಟರ್, ಆರ್ಗನ್ ಎಲ್ಲವೂ ಇರುವ ದೊಡ್ಡ ಮಂದಿರಗಳಿಗೆ ಇದು. ಆರ್ಗನ್ ಇಲ್ಲದವರನ್ನೂ ಅವರು ಕೈಬಿಡಲಿಲ್ಲ, ಇರುವವರನ್ನೂ ಕೈಬಿಡಲಿಲ್ಲ.

ಹಾಡಿನ ಶೈಲಿಯಲ್ಲಿ ಮೆಂಡೆಲ್ಸನ್ ಅವರ ಪ್ರಭಾವ ಎದ್ದು ಕಾಣುತ್ತದೆ. ಇದು ತೀರಾ ಜರ್ಮನ್ ಸಂಗೀತವಾಯಿತು ಎಂದು ಟೀಕಿಸಿದವರೂ ಇದ್ದಾರೆ. ಆದರೆ ಕ್ಯಾಂಟರ್ ಹಾಡುವ ಭಾಗಗಳಲ್ಲಿ ಪೂರ್ವ ಯುರೋಪಿನ ಹಳೆಯ ಧಾಟಿ ಜೀವಂತವಾಗಿದೆ. ವ್ರೆಶೆನ್‌ನ ಬಡ ಮನೆಯಲ್ಲಿ ಕೇಳಿದ ಬಗೆಯ ಹಾಡು ಬರ್ಲಿನ್‌ನ ಗುಮ್ಮಟದ ಕೆಳಗೂ ಕೇಳಿಸಿತು.

ಅವರ ಅತ್ಯಂತ ಜನಪ್ರಿಯ ರಚನೆಗಳಲ್ಲಿ ಒಂದು 150ನೇ ಕೀರ್ತನೆಯದ್ದು. ಕಹಳೆ, ವೀಣೆ, ಕಿನ್ನರಿ, ದಮ್ಮಡಿ, ಕೊಳಲು, ತಾಳ ಹೀಗೆ ವಾದ್ಯಗಳನ್ನೆಲ್ಲ ಹೆಸರಿಸಿ, ಅವುಗಳಿಂದ ದೇವರನ್ನು ಸ್ತುತಿಸಿ ಎಂದು ಕರೆಯುವ ಕೀರ್ತನೆ ಅದು. ಅದರಲ್ಲಿ ಬರುವ ಉಗಾವ್ ಎಂಬ ವಾದ್ಯದ ಹೆಸರೇ ಇವತ್ತಿನ ಹೀಬ್ರೂ ಭಾಷೆಯಲ್ಲಿ ಆರ್ಗನ್‌ಗೆ ಬಳಕೆಯಾಗುತ್ತಿದೆ. ವಾದ್ಯ ಬೇಡ ಎನ್ನುವವರೂ ಈ ಕೀರ್ತನೆಯನ್ನು ದಿನನಿತ್ಯದ ಬೆಳಗಿನ ಪ್ರಾರ್ಥನೆಯಲ್ಲಿ ಹೇಳುತ್ತಾರೆ!

ಸಂಯೋಜನೆಯ ಜೊತೆಗೆ ಅವರು ಯಹೂದಿ ಶಿಕ್ಷಕರ ತರಬೇತಿ ಶಾಲೆಯಲ್ಲಿ ಸಂಗೀತ ಕಲಿಸಿದರು. ಅಲ್ಲಿ ಕಲಿತವರು ಸಣ್ಣ ಊರುಗಳಿಗೆ ಶಿಕ್ಷಕರಾಗಿ, ಕ್ಯಾಂಟರ್‌ಗಳಾಗಿ ಹೋಗುವಾಗ ಅವರ ರಾಗಗಳನ್ನೂ ಕೊಂಡೊಯ್ದರು. ವಯಸ್ಸಾದ, ಕೈಯಲ್ಲಿ ಕಾಸಿಲ್ಲದ ಸಂಗೀತಗಾರರ ನೆರವಿಗೆ ಸಂಸ್ಥೆಯೊಂದನ್ನು ಸ್ಥಾಪಿಸುವಲ್ಲೂ ಮುಂದೆ ನಿಂತರು. ಸುಮಾರು ಅರ್ಧ ಶತಮಾನ ಸಿನಗಾಗ್ ಸಂಗೀತಕ್ಕೆ ದುಡಿದ ಲೆವಾಂಡೋವ್ಸ್ಕಿ 1894ರ ಫೆಬ್ರವರಿ 4ರಂದು ಬರ್ಲಿನ್‌ನಲ್ಲಿ ಕೊನೆಯುಸಿರೆಳೆದರು. ವೈಸೆನ್‌ಸೇ ಯಹೂದಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಆರ್ಗನ್ ಹೋಯಿತು, ರಾಗ ಉಳಿಯಿತು

1930ರ ಜನವರಿಯಲ್ಲಿ ಇದೇ ಹೊಸ ಸಿನಗಾಗ್‌ನಲ್ಲಿ ನಡೆದ ಸಹಾಯಾರ್ಥ ಸಂಗೀತ ಕಾರ್ಯಕ್ರಮದಲ್ಲಿ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಪಿಟೀಲು ನುಡಿಸಿದ್ದರು. ಮೂರೇ ವರ್ಷದಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯಾದ್ಯಂತ ಸಿನಗಾಗ್‌ಗಳಿಗೆ ನಾಜಿಗಳು ಬೆಂಕಿ ಇಟ್ಟರು. ಆರ್ಗನ್ ಇದ್ದವು, ಇಲ್ಲದವು ಎಂಬ ಭೇದವನ್ನು ಬೆಂಕಿ ಮಾಡಲಿಲ್ಲ. ಓರಾನಿಯೆನ್‌ಬರ್ಗರ್ ಬೀದಿಯ ಸಿನಗಾಗ್‌ಗೂ ಬೆಂಕಿ ಬಿತ್ತು. ಆದರೆ ವಿಲ್ಹೆಲ್ಮ್ ಕ್ರುಟ್ಸ್‌ಫೆಲ್ಡ್ ಮುಖ್ಯಸ್ಥರಾಗಿದ್ದ ಠಾಣೆಯ ಪೊಲೀಸರು, ಇದು ಸಂರಕ್ಷಿತ ಸ್ಮಾರಕ ಎಂದು ಹೇಳಿ ದಾಳಿಕೋರರನ್ನು ಹೊರಗಟ್ಟಿ ಅಗ್ನಿಶಾಮಕ ದಳವನ್ನು ಕರೆಸಿದರು. ಕಟ್ಟಡ ಅಂದು ಉಳಿಯಿತು.

1943ರ ನವೆಂಬರ್‌ನಲ್ಲಿ ಬ್ರಿಟಿಷ್ ಬಾಂಬ್ ದಾಳಿಗೆ ಅದೇ ಕಟ್ಟಡ ತುತ್ತಾಯಿತು. 1958ರಲ್ಲಿ ಮುಖ್ಯ ಪ್ರಾರ್ಥನಾ ಸಭಾಂಗಣದ ಅವಶೇಷವನ್ನೂ ಕೆಡವಲಾಯಿತು. ಲೆವಾಂಡೋವ್ಸ್ಕಿ ಅವರ ಮಗಳು ಮಾರ್ಥಾ, ಖ್ಯಾತ ತತ್ತ್ವಶಾಸ್ತ್ರಜ್ಞ ಹರ್ಮನ್ ಕೋಹೆನ್ ಅವರ ಪತ್ನಿ. 1942ರಲ್ಲಿ ಥೆರೆಸಿಯೆನ್‌ಸ್ಟಾಟ್‌ನ ನಾಜಿ ಶಿಬಿರದಲ್ಲಿ ಅವರು ಪ್ರಾಣಬಿಟ್ಟರು.

ಆದರೆ ದೇಶ ಬಿಟ್ಟು ಓಡಿದವರು ಬ್ರಿಟನ್, ಅಮೆರಿಕ, ದಕ್ಷಿಣ ಆಫ್ರಿಕಾಗಳಿಗೆ ಅವರ ರಾಗಗಳನ್ನು ಹೊತ್ತೊಯ್ದಿದ್ದರು. ಶುಕ್ರವಾರ ರಾತ್ರಿ ಯಹೂದಿ ಮನೆಗಳಲ್ಲಿ ದ್ರಾಕ್ಷಾರಸದ ಬಟ್ಟಲು ಹಿಡಿದು ಹಾಡುವ ಕಿದ್ದುಶ್ ಪ್ರಾರ್ಥನೆಯ ಹೆಚ್ಚು ಬಳಕೆಯ ಧಾಟಿ ಲೆವಾಂಡೋವ್ಸ್ಕಿ ಅವರದ್ದೇ ಎನ್ನಲಾಗುತ್ತದೆ. ವಾದ್ಯವನ್ನು ಒಳಗೆ ಬಿಡದ ಕಟ್ಟುನಿಟ್ಟಿನ ಸಿನಗಾಗ್‌ಗಳಲ್ಲೂ ಅವರ ಹಲವು ರಚನೆಗಳನ್ನು ಬರೀ ದನಿಯಲ್ಲಿ ಹಾಡುತ್ತಾರೆ. ಹಾಡುವ ಎಷ್ಟೋ ಮಂದಿಗೆ ಇದು ಆರ್ಗನ್ ಪರ ವಾದಿಸಿದವರ ರಾಗ ಎಂಬುದೇ ಗೊತ್ತಿಲ್ಲ.

ಭಾರತದಲ್ಲಿ ಏನಾಯಿತು?

ಭಾರತದ ಯಹೂದಿಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. 1880ರ ಹೊತ್ತಿಗೆ ಮುಂಬೈನ ಬೆನೆ ಇಸ್ರೇಲ್ ಸಮುದಾಯದವರು ಅಬ್ರಹಾಂ, ಜೋಸೆಫ್, ಮೋಶೆಯ ಕಥೆಗಳನ್ನು ಮರಾಠಿ ಕೀರ್ತನೆಯ ರೂಪದಲ್ಲಿ ಹೇಳತೊಡಗಿದ್ದರು. ಹರಿಕಥೆಯಂತೆಯೇ ಹಾಡು, ವಾದ್ಯ, ಕಥೆ ಎಲ್ಲವೂ ಅಲ್ಲಿತ್ತು. ಸಬ್ಬತ್ ಪ್ರಾರ್ಥನೆಯನ್ನು ಮುಟ್ಟದೆ ಅದರ ಹೊರಗೆ ವಾದ್ಯಕ್ಕೆ ಜಾಗ ಸಿಕ್ಕಿತು. ಲೆವಾಂಡೋವ್ಸ್ಕಿ ಕಾಲದ ಜರ್ಮನ್ ಸುಧಾರಣೆಯ ಅಲೆ ಮುಂದೆ ಲಂಡನ್ ಮೂಲಕ ಇಲ್ಲಿಗೂ ತಲುಪಿತು. 1925ರಲ್ಲಿ ಮುಂಬೈನಲ್ಲಿ ಉದಾರವಾದಿ ಯಹೂದಿಗಳ ಸಂಘಟನೆ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಕಟ್ಟಿದವರು ವೈದ್ಯೆ ಜೆರುಶಾ ಝಿರಾಡ್. ಅವರು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ.

ವಾದ್ಯದ ಜಗಳ ಯಹೂದಿಗಳಿಗಷ್ಟೇ ಸೀಮಿತವಲ್ಲ. ಕರೋಲ್ ಬಾಗ್ ಗುರುದ್ವಾರಗಳಲ್ಲಿ ಕೇಳುವ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದಿದ್ದೇ. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು. 2022ರಲ್ಲಿ ಸಿಖ್ಖರ ಪರಮೋಚ್ಚ ಪೀಠ ಅಕಾಲ್ ತಖ್ತ್, ಅಮೃತಸರದ ಸ್ವರ್ಣಮಂದಿರದಲ್ಲಿ ಹಾರ್ಮೋನಿಯಂ ಹಂತಹಂತವಾಗಿ ಬಿಟ್ಟು ಸಾಂಪ್ರದಾಯಿಕ ತಂತಿವಾದ್ಯಗಳಿಗೆ ಮರಳಬೇಕೆಂದು ಸೂಚಿಸಿತ್ತು. ಯಾವ ವಾದ್ಯ ನಮ್ಮದು, ಯಾವುದು ಹೊರಗಿನದು ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ.

ಬರ್ಲಿನ್‌ನ ಹೊಸ ಸಿನಗಾಗ್‌ನ ಮುಂಭಾಗ ಮತ್ತು ಗುಮ್ಮಟವನ್ನು ಮತ್ತೆ ಕಟ್ಟಿ 1995ರಲ್ಲಿ ಸಾಂಸ್ಕೃತಿಕ ಕೇಂದ್ರವಾಗಿ ತೆರೆಯಲಾಗಿದೆ. 2011ರಲ್ಲಿ ಅದೇ ನಗರದಲ್ಲಿ ಲೆವಾಂಡೋವ್ಸ್ಕಿ ಹೆಸರಿನ ಸಂಗೀತೋತ್ಸವ ಶುರುವಾಯಿತು. ಯುದ್ಧದ ಬಳಿಕ 1947ರಲ್ಲಿ ಮತ್ತೆ ಬಾಗಿಲು ತೆರೆದ ಪೆಸ್ಟಲೋಝಿ ಬೀದಿಯ ಸಿನಗಾಗ್‌ನಲ್ಲಿ ಕ್ಯಾಂಟರ್, ಗಾಯನ ವೃಂದ ಮತ್ತು ಆರ್ಗನ್ ಜೊತೆ ಲೆವಾಂಡೋವ್ಸ್ಕಿ ಅವರ ಪ್ರಾರ್ಥನಾ ಸಂಗೀತದ ಪರಂಪರೆ ಮುಂದುವರಿದಿದೆ. ಬೇರೆ ಊರುಗಳ ಎಷ್ಟೋ ಸಿನಗಾಗ್‌ಗಳಲ್ಲಿ ಅದೇ ಶುಕ್ರವಾರ ಸಂಜೆ ಅವರ ರಾಗಗಳು ಆರ್ಗನ್ ಇಲ್ಲದೆಯೇ ಕೇಳಿಬರುತ್ತವೆ.